ಸರ್ವೇಯರ್ ಸಾಹೇಬರ ಹನ್ನೊಂದು ಬಾಟಲಿ

ಅವರೊಂದಿಗೆ ಚಹಾ ಕುಡಿಯಲು ಕೂತರೆ ಮೊದಲು ಗ್ಲಾಸುಗಳ ತಪಾಸಣೆಯಾಗಬೇಕಿತ್ತು. ಶಿಕಾರಿಪುರದ ತಾಲ್ಲೂಕು ಕಚೇರಿಯ ಎದುರಿನ ಚಹಾದಂಗಡಿಯವನು ಎರಡು ಗ್ಲಾಸು ತಂದಿಟ್ಟ ಕೂಡಲೇ ಅವರು ಸೊಂಟ ಬಗ್ಗಿಸಿ, ಎಡಗಣ್ಣು ಮುಚ್ಚಿ, ಗ್ಲಾಸಿನ ಮಟ್ಟಕ್ಕೆ ತಲೆ ಇಳಿಸಿ ನೋಡುವರು. "ರೈಟ್ರೆ, ನಿಮ್ದು ಅರ್ಧ ಬೆರಳು ಕಮ್ಮಿ ಐತಿ ನೋಡ್ರಿ" ಎಂದು ತೀರ್ಪು ಕೊಟ್ಟ ಮೇಲೆಯೇ ತಮ್ಮದನ್ನು ಎತ್ತಿಕೊಳ್ಳುವರು. ಅಂಗಡಿಯವನು ಮೊದಮೊದಲು ಸಿಟ್ಟಾಗುತ್ತಿದ್ದ. ಆಮೇಲೆ ಅವರಿಗೆ ಮಾತ್ರ ತುಳುಕುವಷ್ಟು ತುಂಬಿ ತಂದಿಡತೊಡಗಿದ. ಅದಕ್ಕೂ ಅನುಮಾನ. "ಇವತ್ತ್ಯಾಕೆ ಇಷ್ಟು ಹಾಕ್ಯಾನ? ನೀರು ಬೆರೆಸಿರಬೇಕು."

ಅವರು ಭೂಮಾಪಕರು. ಸೊರಬದಲ್ಲಿ ಬಹಳ ವರ್ಷ, ಕೊನೆಗೆ ಶಿಕಾರಿಪುರದಲ್ಲಿ ಕೆಲಸ ಮಾಡಿ ನಿವೃತ್ತರಾದರು. ನಾನು ಕಚೇರಿಯ ಹೊರಗೆ ಮೇಜು ಹಾಕಿಕೊಂಡು ಜನರಿಗೆ ಅರ್ಜಿ, ಕರಾರು, ತಕರಾರು ಬರೆದುಕೊಡುವವನು. ಎಲ್ಲರೂ ನನ್ನನ್ನು 'ರೈಟ್ರೆ' ಎಂದೇ ಕರೆಯುತ್ತಾರೆ. ಅವರನ್ನು 'ಸರ್ವೇಯರ್ ಸಾಹೇಬ್ರು' ಎನ್ನುತ್ತಿದ್ದರು. ಇಬ್ಬರ ಮನೆಯೂ ಶಿರಾಳಕೊಪ್ಪದಲ್ಲಿ, ಓಡಾಟ ಒಂದೇ ಬಸ್ಸಿನಲ್ಲಿ. ಹೆಸರು ಬರೆಯುವುದಿಲ್ಲ. ಈ ಕಡೆಯವರಿಗೆ ಯಾರೆಂದು ಗೊತ್ತಾಗುತ್ತದೆ, ಉಳಿದವರಿಗೆ ಬೇಕಿಲ್ಲ.

ಅಳತೆಗೆ ಹೋದ ಕಡೆಯಲ್ಲೆಲ್ಲ ಅವರು ಕಂಡದ್ದು ಸರಿದ ಗಡಿಕಲ್ಲುಗಳನ್ನೇ. ಅಣ್ಣನೂ ತಮ್ಮನೂ ಒಟ್ಟಿಗೆ ನಿಂತು ಚೈನು ಹಿಡಿದು, ಸಂಜೆ ಇಬ್ಬರೂ ಬೇರೆಬೇರೆಯಾಗಿ ಬಂದು ಗೆರೆಯನ್ನು ಸ್ವಲ್ಪ ಆಚೆ ತಳ್ಳಿ ಎಂದು ಕೇಳುತ್ತಿದ್ದರಂತೆ. ಹಾಗಾಗಿ ಮನುಷ್ಯರನ್ನು ನಂಬುವ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು. "ಬಾಯಿ ಏನು ಬೇಕಾದ್ರೂ ಹೇಳತೈತಿ ರೈಟ್ರೆ. ಗೆರಿ ಹೇಳಲಿ, ಕೇಳ್ತೀನಿ" ಎನ್ನುವರು. ಆದರೆ ಯಾರಿಂದಲೂ ಕೈಬಿಸಿ ಮಾಡಿಸಿಕೊಂಡವರಲ್ಲ. ಆ ಒಂದು ಕಾರಣಕ್ಕೇ ಊರಿಗೆ ಅವರ ಮೇಲೆ ಅನುಮಾನ. ಏನೂ ತೆಗೆದುಕೊಳ್ಳದ ಸರ್ವೇಯರ್ ಎಂದರೆ ಒಳಗೆ ಬೇರೆ ಏನೋ ಇರಬೇಕು ಎಂದು ನಾನೂ ಅಂದುಕೊಂಡಿದ್ದೆ.

ಮದುವೆಯಾಗಿರಲಿಲ್ಲ. ಆನವಟ್ಟಿಯಲ್ಲಿ ಗೊಬ್ಬರದ ಅಂಗಡಿ ಇಟ್ಟ ತಮ್ಮ, ಮಠದ ಸಮಿತಿಯಲ್ಲಿ ಇದ್ದವನು, ಹಬ್ಬಕ್ಕೊಮ್ಮೆ ಬಂದು ಹೋಗುತ್ತಿದ್ದ. ಮನೆಯ ಪಕ್ಕದ ಕೋಣೆಯೊಂದಕ್ಕೆ ಯಾವಾಗಲೂ ಬೀಗ, ಕಿಟಕಿಗೆ ಒಳಗಿನಿಂದ ರಟ್ಟು. ಕೇಳಿದರೆ "ರೆಕಾರ್ಡ್ ರೂಮು" ಎನ್ನುತ್ತಿದ್ದರು. ಹಳೆಯ ದೇವಸ್ಥಾನ, ಹಳೆಯ ಶಾಸನ ಎಲ್ಲೆಂದರಲ್ಲಿ ಇರುವ ನಮ್ಮ ಸೀಮೆಯಲ್ಲಿ ಅಷ್ಟು ಸಾಕಲ್ಲ. ಸಾಹೇಬರ ಹತ್ತಿರ ನಿಧಿಯ ನಕ್ಷೆ ಇದೆ ಎಂದು ಸುದ್ದಿಯಾಯಿತು. ತೊಗರ್ಸಿ ಕಡೆಯ ಒಬ್ಬ ನನ್ನ ಮೇಜಿಗೇ ಬಂದು, "ಅವರ ಸಂಗಡ ನಿಮಗೆ ಒಳ್ಳೇದೈತಿ, ಒಂದು ಮಾತು ಕೇಳಿ ನೋಡ್ರಿ" ಎಂದು ಪಿಸುಗುಟ್ಟಿ ಹೋಗಿದ್ದ.

ಒಂದು ಭಾನುವಾರ ಬೆಳಗ್ಗೆ ಅವರೇ ನಮ್ಮ ಮನೆಗೆ ಬಂದರು.

"ರೈಟ್ರೆ, ಒಂದು ಸಾಕ್ಷಿ ಬೇಕು. ಬರ್ರಿ."

"ಯಾವುದಕ್ಕೆ ಸಾಹೇಬ್ರೆ?"

"ಬಂದು ನೋಡ್ರಿ ಮೊದಲು."

ರೆಕಾರ್ಡ್ ರೂಮಿನ ಬೀಗ ತೆಗೆದರು. ನಿಧಿಯೂ ಇಲ್ಲ, ನಕ್ಷೆಯೂ ಹೆಚ್ಚಿಲ್ಲ. ಕಬ್ಬಿಣದ ಕಪಾಟಿನಲ್ಲಿ ಹನ್ನೊಂದು ಬಾಟಲಿ ಸಾಲಾಗಿ ನಿಂತಿದ್ದವು. ಒಂದೊಂದರ ಮೈಮೇಲೂ ಉದ್ದನೆಯ ಕಾಗದದ ಪಟ್ಟಿ. ಪಟ್ಟಿಯ ಮೇಲೆ ಪೆನ್ಸಿಲ್ಲಿನ ಗೆರೆ, ತಾರೀಖು, ಸಣ್ಣ ಸಹಿ. ಎಲ್ಲವೂ ವಿದೇಶಿ ವಿಸ್ಕಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಆಗಷ್ಟೇ ಪೂಜೆ ಮುಗಿಸಿದ ಮನುಷ್ಯ.

ಬೆಂಗಳೂರಿನಿಂದ ಪರಿಚಯದ ಲಾರಿಯವನ ಕೈಯಲ್ಲಿ ತರಿಸಿದ ಹೊಸದೊಂದನ್ನು ಅವರು ಅವತ್ತು ತೆಗೆಯಬೇಕಿತ್ತು. ದಾರಿಯಲ್ಲಿ ಯಾರಾದರೂ ಒಳ್ಳೆಯದನ್ನು ಬಗ್ಗಿಸಿಕೊಂಡು ನಾಡಸರಕು ತುಂಬಿದ್ದರೆ? ಅದಕ್ಕೇ ನಾನು. ಮುಚ್ಚಳದ ಮೇಲಿನ ತಗಡಿನ ಹಾಳೆಯನ್ನು ಭೂತಗನ್ನಡಿಯಲ್ಲಿ ನನಗೆ ತೋರಿಸಿ, "ಸೀಲು ಸರಿ ಐತಿ, ಹೌದಲ್ಲ?" ಎಂದು ನನ್ನ ಬಾಯಿಂದ ಹೌದು ಅನ್ನಿಸಿದ ಮೇಲೆ ಬಿರಡೆ ತೆಗೆದರು. ಇಷ್ಟೆಲ್ಲ ಲಂಚದ ಬಾಟಲಿಗಳೇ ಎಂದು ನನಗೆ ಒಳಗೊಳಗೆ ಅನ್ನಿಸಿದ್ದು ಮುಖದಲ್ಲಿ ಕಂಡಿರಬೇಕು.

"ಲಂಚ ಅಲ್ರೀ. ಕೊಡೋರಿಗೆ ಇದರ ಹೆಸರೇ ಗೊತ್ತಿಲ್ಲ" ಎಂದು ನಕ್ಕರು.

ಆ ರುಚಿ ಹತ್ತಿದ ಬಗೆಯನ್ನು ಅವತ್ತೇ ಹೇಳಿದರು. ಸೊರಬದಲ್ಲಿದ್ದಾಗ ಕೆರೆಗಳ ಹಳೆಯ ತೂಬು ನೋಡಲು ಸ್ಕಾಟ್ಲೆಂಡಿನ ಮುದುಕ ಎಂಜಿನಿಯರ್ ಒಬ್ಬ ಬಂದಿದ್ದನಂತೆ. ಅವನನ್ನು ಕೆರೆಯಿಂದ ಕೆರೆಗೆ ಸುತ್ತಿಸುವ ಕೆಲಸ ಇವರಿಗೆ ಬಿತ್ತು. ಹೊರಡುವಾಗ ಅವನು ತನ್ನ ಅರ್ಧ ಬಾಟಲಿಯನ್ನು ಇವರ ಕೈಗಿಟ್ಟು ಹೋದ. ಮೂರು ತಿಂಗಳು ಮುಟ್ಟಲಿಲ್ಲ. ಒಂದು ದಿನ ಬಿರಡೆ ತೆಗೆದು ಮೂಸಿದರೆ, ಕೂಳೆ ಸುಟ್ಟ ಗದ್ದೆಯ ಮೇಲೆ ಮರುದಿನ ಬೆಳಗ್ಗೆ ಇಬ್ಬನಿ ಬಿದ್ದಾಗ ಬರುತ್ತದಲ್ಲ, ಆ ವಾಸನೆ. "ನಾನು ಹುಟ್ಟಿದಾಗಿಂದ ನಡೆದ ನೆಲದ ವಾಸನಿ ರೈಟ್ರೆ. ಅದನ್ನ ಯಾವನೋ ಸಮುದ್ರದ ಆಚೆ ಬಾಟ್ಲಿಯೊಳಗೆ ಹಾಕಿಟ್ಟಾನ." ಅಲ್ಲಿ ಜವುಗು ನೆಲದ ಮಣ್ಣನ್ನು ಕಡಿದು ಒಣಗಿಸಿ ಉರಿಸಿ, ಅದರ ಹೊಗೆಯಲ್ಲಿ ಮೊಳಕೆ ಬಾರ್ಲಿಯನ್ನು ಕಾಯಿಸುತ್ತಾರೆಂದು ಆಮೇಲೆ ಓದಿ ತಿಳಿದುಕೊಂಡರಂತೆ.

ಬಾಟಲಿಯ ಮೇಲೆ ಬರೆದಿದ್ದ ಸಿಂಗಲ್ ಮಾಲ್ಟ್ ಎಂದರೇನು ಎಂದು ಕೇಳಿದೆ.

"ಒಂದೇ ಭಟ್ಟಿ, ಒಂದೇ ಧಾನ್ಯ. ಒಬ್ಬನ ಹೆಸರಲ್ಲಿರೋ ಸರ್ವೆ ನಂಬರ್ ಇದ್ದಂಗೆ. ಉಳಿದವೆಲ್ಲ ಜಂಟಿ ಖಾತೆ. ಯಾರದ್ದು ಎಲ್ಲಿ ಐತಿ ಅಂತ ಯಾರಿಗೂ ಗೊತ್ತಿಲ್ಲ."

ಅವರು ಕುಡಿಯುತ್ತಿದ್ದುದು ಭಾನುವಾರ ಮಾತ್ರ, ಹಗಲು ಹನ್ನೊಂದಕ್ಕೆ, ಬೆಳಕಿನಲ್ಲಿ. ಹೊಟ್ಟೆ ಉಬ್ಬಿದ, ಬಾಯಿ ಕಿರಿದಾದ ಪುಟ್ಟ ಗ್ಲಾಸಿಗೆ ಒಂದು ಬೆರಳು ಬಗ್ಗಿಸಿ, ಶಾಯಿ ತುಂಬುವ ಫಿಲ್ಲರಿನಿಂದ ಮೂರು ಹನಿ ನೀರು ಬಿಟ್ಟು, ಹತ್ತು ನಿಮಿಷ ಸುಮ್ಮನೆ ಮೂಸುತ್ತಿದ್ದರು. ನನಗೂ ಅಷ್ಟೇ ಕೊಟ್ಟರು. ಏನು ವಾಸನೆ ಎಂದು ಕೇಳಿದರು. "ಆಸ್ಪತ್ರೆ ಬ್ಯಾಂಡೇಜು" ಎಂದೆ. ಬೆನ್ನು ತಟ್ಟಿ, "ಪಾಸಾದ್ರಿ! ಬಲ್ಲೋರೂ ಇದನ್ನೇ ಹೇಳ್ತಾರ" ಎಂದರು. ಮುಗಿದ ಮೇಲೆ ಬಾಟಲಿಗೆ ಹೊಸ ಗೆರೆ ಎಳೆದು ತಾರೀಖು ಹಾಕಿದರು. ಹನ್ನೊಂದು ಬಾಟಲಿಗಿಂತ ಹೆಚ್ಚು ಅವರು ಇಡುತ್ತಿರಲಿಲ್ಲ. ಮನೆಯಲ್ಲಿ ಎಷ್ಟು ಇಡಬಹುದೆಂಬ ಕಾಯಿದೆ ನೋಡಿಕೊಂಡೇ ಆ ಲೆಕ್ಕ ಹಿಡಿದಿದ್ದರು. ಒಂದು ಖಾಲಿಯಾದರೆ ಇನ್ನೊಂದು.

ಅವತ್ತಿನಿಂದ ಭಾನುವಾರ ನಾನು ಅಲ್ಲಿಗೆ ಹೋಗತೊಡಗಿದೆ. ಒಂದು ಬೆರಳಷ್ಟೇ. ಮನೆಗೆ ಬರುವ ಮೊದಲು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದೆ. ಹೆಂಡತಿಗೆ, ಹಳೆಯ ನಕ್ಷೆ ನಕಲು ಮಾಡುತ್ತಿದ್ದೇವೆ ಎಂದು ಹೇಳಿದ್ದೆ.

ಅವರ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು ಹಾಲಮ್ಮ. ತೊಗರ್ಸಿಯ ದಾರಿಯಲ್ಲಿರುವ ಒಂದು ಸಣ್ಣ ಹಳ್ಳಿಯವಳು. ಬೆಳಗ್ಗೆ ಬಸ್ಸಿಗೆ ಬಂದು ಎರಡು ಹೊತ್ತಿನ ಅಡುಗೆ ಮಾಡಿಟ್ಟು ಮಧ್ಯಾಹ್ನದ ಬಸ್ಸಿಗೆ ಹೋಗುವಳು. ಭಾನುವಾರ ಬರುತ್ತಿರಲಿಲ್ಲ. ಗಂಡ ಕುಡಿದು ಕುಡಿದು ಹೋದವನು. ಊರಿನ ಹೆಣ್ಣುಮಕ್ಕಳ ಸಂಘಕ್ಕೆ ಅವಳೇ ಅಧ್ಯಕ್ಷೆ. ಊರಿನ ಗೂಡಂಗಡಿಯಲ್ಲಿ ಸಾರಾಯಿ ಪ್ಯಾಕೆಟ್ಟು ಮಾರುವುದನ್ನು ನಾಲ್ಕು ದಿನ ಅಂಗಡಿಯ ಮುಂದೆ ಕೂತು ನಿಲ್ಲಿಸಿದವಳು. ಸಾಹೇಬರು ಅವಳ ಮುಂದೆ ಕೋಣೆಯ ಬೀಗ ಎಂದೂ ತೆಗೆಯುತ್ತಿರಲಿಲ್ಲ. ಬೀಗದ ಕೈ ಮಾತ್ರ ದೇವರ ಗೂಡಿನಲ್ಲಿ, ವಿಭೂತಿಗಟ್ಟಿಯ ಹಿಂದೆ ಇರುತ್ತಿತ್ತು.

ಒಂದು ವರ್ಷ ಚಳಿ ಮುಗಿಯುವ ಹೊತ್ತಿಗೆ ಅವರು ಮೊಬೈಲಿನಲ್ಲಿ ಯಾವುದೋ ವೀಡಿಯೋ ನೋಡಿದರು. ಬೆಲೆಬಾಳುವ ಬಾಟಲಿಗಳನ್ನು ಮಲಗಿಸಿಡಬೇಕು, ಹಾಗಾದರೆ ಬಿರಡೆ ಒಣಗುವುದಿಲ್ಲ ಎಂದು ಅದರಲ್ಲಿತ್ತಂತೆ. ನಕ್ಷೆಗಳ ಉದ್ದನೆಯ ಕಪಾಟನ್ನು ಖಾಲಿ ಮಾಡಿ, ಹಳೆಯ ಜಮಖಾನ ಹಾಸಿ, ಹನ್ನೊಂದನ್ನೂ ಅದರ ಮೇಲೆ ಮಲಗಿಸಿದರು. ಕೂಸು ಮಲಗಿಸಿದ ಹಾಗೆ ನಿಧಾನ. ಅದೇ ಹೊತ್ತಿಗೆ ನಾನು ಹಲ್ಲಿನ ನೋವು, ಮದುವೆ, ಮುಂಜಿ ಎಂದು ಕೆಲವು ಭಾನುವಾರ ತಪ್ಪಿಸಿದೆ. ಒಬ್ಬರೇ ಕುಡಿಯಲು ಮನಸ್ಸಾಗದೆ ಅವರೂ ಕಪಾಟು ತೆಗೆದಿರಲಿಲ್ಲ.

ಬೇಸಿಗೆಯ ನಡುವೆ ಒಂದು ಭಾನುವಾರ ಹೋದೆ. ಬಾಟಲಿ ಎತ್ತಿ ಮೇಜಿನ ಮೇಲೆ ನಿಲ್ಲಿಸಿ, ಎಡಗಣ್ಣು ಮುಚ್ಚಿ ನೋಡಿದವರು ಹಾಗೇ ಬಗ್ಗಿದಲ್ಲೇ ಉಳಿದರು. ಇನ್ನೊಂದನ್ನು ನಿಲ್ಲಿಸಿದರು. ಮತ್ತೊಂದು.

"ಕಮ್ಮಿ ಆಗೈತಿ."

"ಎಷ್ಟು?"

"ಒಂದರಾಗ ಒಂದು ಬೆರಳು. ಇದರಾಗ ಒಂದೂವರೆ." ತಲೆ ಎತ್ತಿ ನನ್ನನ್ನು ನೋಡಿದರು. ಎಡಗಣ್ಣು ಇನ್ನೂ ಮುಚ್ಚಿಯೇ ಇತ್ತು. "ಈ ಮನಿಯೊಳಗೆ ಕಾಲಿಡೋರು ಇಬ್ಬರೇ ರೈಟ್ರೆ."

ಆ ನೋಟ ನನ್ನ ಬೆನ್ನಿನವರೆಗೂ ಹೋಯಿತು. ಇವರು ನಾಲ್ಕು ಜನರ ಮುಂದೆ ನನ್ನ ಹೆಸರು ಎತ್ತಿದರೆ ಗತಿ ಏನು? ಭಾನುವಾರಗಳ ಗುಟ್ಟು ಹೆಂಡತಿಯವರೆಗೆ ಹೋದರೆ? ಕಚೇರಿಯ ಮುಂದೆ ನನ್ನ ಹತ್ತಿರ ಯಾರು ಬರುತ್ತಾರೆ? ಇಷ್ಟನ್ನೂ ಒಂದೇ ಉಸಿರಿನಲ್ಲಿ ಯೋಚಿಸಿದೆ. ಆಮೇಲೆ ಹೇಳಿದೆ:

"ಹೋದ ವಾರ ಹಾಲಮ್ಮ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಸೆರಗಿನೊಳಗೆ ಒಂದು ಬಾಟಲಿ ಹಿಡಿದಿದ್ದಳು."

ಅದು ಸುಳ್ಳಲ್ಲ. ಅವಳ ಕೈಯಲ್ಲಿ ಬಾಟಲಿ ಇತ್ತು. ಅದು ಮಜ್ಜಿಗೆಯದೆಂದು ನನಗೆ ಆಗಲೇ ಗೊತ್ತಿತ್ತೇ? ಬಹಳ ದಿನ ಇಲ್ಲ ಎಂದು ಹೇಳಿಕೊಂಡೆ. ಗೊತ್ತಿತ್ತು ಎಂದೇ ಈಗ ಅನ್ನಿಸುತ್ತದೆ.

ಸೋಮವಾರ ಬೆಳಗ್ಗೆ ಬಸ್ಸಿಗೆ ಹೊರಟವನು ಅವರ ಮನೆಯ ಮುಂದೆ ನಿಂತೆ. ಸಾಹೇಬರು ಬಾಗಿಲಲ್ಲಿ ಅಡ್ಡ ನಿಂತಿದ್ದರು. ಹಾಲಮ್ಮ ಕೈಚೀಲ ಹಿಡಿದು ಮೆಟ್ಟಿಲ ಕೆಳಗೆ ನಿಂತಿದ್ದಳು.

"ಬಾಟ್ಲಿ ಒಳಗಿಂದು ಯಾರಿಗೆ ಕೊಡ್ತಿದ್ದಿ? ನೀನೇ ಕುಡೀತಿದ್ಯೋ?"

"ಯಾವ ಬಾಟ್ಲಿ ಸಾಹೇಬ್ರ?"

"ನಾಟಕ ಬೇಡ. ನೀನು ಬಾಟ್ಲಿ ಹಿಡಕೊಂಡು ಹೋಗೋದು ಕಂಡೋರು ಅದಾರ."

ಅವಳು ಅವರ ಹಿಂದೆ ತೆರೆದಿದ್ದ ಕೋಣೆಯೊಳಗೆ ನೋಡಿದಳು. ಮೇಜಿನ ಮೇಲೆ ಬಾಟಲಿಗಳು ಸಾಲಾಗಿ ನಿಂತಿದ್ದವು. ಅವಳ ಮುಖ ಒಮ್ಮೆಲೇ ಬೂದಿಯಾಯಿತು. ಸೊಂಟದಲ್ಲಿ ಸಿಕ್ಕಿಸಿದ್ದ ಹಿತ್ತಲ ಬಾಗಿಲಿನ ಬೀಗದ ಕೈಯನ್ನು ಮೆಟ್ಟಿಲ ಮೇಲಿಟ್ಟು ತಿರುಗಿದಳು. ನನ್ನನ್ನು ದಾಟುವಾಗ, "ಬಸ್ಸಿಗೆ ಹೊತ್ತಾತಲ್ರೀ ಅಣ್ಣಾರ" ಎಂದಳು, ಯಾವತ್ತಿನ ಹಾಗೆ. ಪಕ್ಕದ ಗಿರಣಿಯಲ್ಲಿ ಹಿಟ್ಟು ಬೀಸಿಸಲು ನಿಂತವರೆಲ್ಲ ಕೇಳಿಸಿಕೊಂಡಿದ್ದರು. ಅವಳು ಊರಲ್ಲಿ ಬಸ್ಸಿಳಿಯುವ ಮೊದಲೇ ಸುದ್ದಿ ಇಳಿದಿತ್ತು.

ಆಮೇಲೆ ತಿಳಿಯಿತು: ಹದಿನೈದು ದಿನದೊಳಗೆ ಸಂಘದವರು ಅವಳನ್ನು ಅಧ್ಯಕ್ಷೆಯ ಜಾಗದಿಂದ ಇಳಿಸಿದ್ದರು. ಗೂಡಂಗಡಿಯವನು, "ನಮ್ಮ ಸರಕು ಸಣ್ಣದಾತು, ಆಯಮ್ಮನಿಗೆ ಫಾರಿನ್ನೇ ಬೇಕು" ಎಂದು ನಗಾಡುತ್ತಿದ್ದನಂತೆ.

ಸಾಹೇಬರು ಹೊಸ ಬೀಗ ತಂದರು. ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಬಾಟಲಿಗಳನ್ನು ಮತ್ತೆ ಮಲಗಿಸಿದರು. ನನ್ನನ್ನೂ ಕರೆಯುವುದು ನಿಂತಿತು. ಬಸ್ಸಿನಲ್ಲಿ ಸಿಕ್ಕಾಗ ಮಾತು ಒಂದೆರಡು. ಅವರು ನನ್ನನ್ನು ಅನುಮಾನಿಸುತ್ತಿದ್ದಾರೆಂದು ನನಗೆ ಅನುಮಾನ. ಆ ದಿನದ ನನ್ನ ಮಾತನ್ನು ಅವರು ತೂಗಿ ನೋಡುತ್ತಿದ್ದಾರೆಂದು ಇನ್ನೊಂದು. ಎದುರಿಗೆ ಬಂದರೆ ನಾನೇ ಆಚೆ ಬದಿಗೆ ಸರಿಯುತ್ತಿದ್ದೆ.

ಮುಂದಿನ ಬೇಸಿಗೆ ಬಂತು. ಒಂದು ಮಧ್ಯಾಹ್ನ ಫೋನು.

"ಕಳ್ಳ ಸಿಕ್ಕ ರೈಟ್ರೆ. ಬರ್ರಿ."

ಕೆಲಸ ಬಿಟ್ಟು ಹೋದೆ. ಕೋಣೆಯ ಕಿಟಕಿಯ ರಟ್ಟು ಕಿತ್ತು ಹಾಕಿದ್ದರು. ಮೇಜಿನ ಮೇಲೆ, ಎಂದೂ ತೆಗೆಯದ ಒಂದು ಬಾಟಲಿ. ತಗಡಿನ ಹಾಳೆ ಹರಿದಿರಲಿಲ್ಲ, ಆದರೆ ಮಟ್ಟ ಗೆರೆಯಿಂದ ಒಂದು ಬೆರಳು ಕೆಳಗಿತ್ತು. ನನ್ನ ಮುಂದೆಯೇ ಹಾಳೆ ಬಿಡಿಸಿ ಬಿರಡೆ ತಿರುಗಿಸಿದರು. ಅದು ಕೈಯಲ್ಲೇ ಪುಡಿಯಾಯಿತು. ನೆನೆದ ರೊಟ್ಟಿಯ ಹಾಗೆ ಮೆತ್ತಗಾಗಿತ್ತು. ಜಮಖಾನ ಎತ್ತಿ ತೋರಿಸಿದರು. ಒಂದೊಂದು ಬಾಟಲಿಯ ಬಾಯಿ ಇದ್ದ ಕಡೆ ಒಂದೊಂದು ಕಂದು ಕಲೆ.

"ಮಲಗಿಸೋದು ವೈನಿಗೆ ಅಂತ್ರೀ. ಇದನ್ನ ನಿಲ್ಲಿಸೇ ಇಡಬೇಕಂತ. ಮಲಗಿಸಿದ್ರೆ ಬಿರಡೆನ್ನೇ ತಿಂದು ಸೋರತೈತಂತ. ಬೆಂಗಳೂರಿನ ಅಂಗಡಿಯವನಿಗೆ ಇವತ್ತು ಫೋನು ಹಚ್ಚಿ ಕೇಳಿದೆ." ಕುರ್ಚಿಯಲ್ಲಿ ಕುಸಿದರು. "ಮಲಗಿಸಿದೋನು ನಾನು. ಕಳ್ಳಿ ಅಂದದ್ದು ಅವಳಿಗೆ."

ಬಾಟಲಿ ಕಂಡೆನೆಂಬ ನನ್ನ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ಒಂದು ಮಾತು ಫೋನಿನಲ್ಲಿ ಹೇಳಿಬಿಡಿ" ಎಂದೆ. "ನಿಮ್ಮ ತಮ್ಮನವರು ಮಠದ ಸಮಿತಿಯಲ್ಲಿದ್ದಾರೆ. ಊರಿಗೆಲ್ಲ ಗೊತ್ತಾದರೆ..."

"ಗಿರಣಿಯವರಿಗೆಲ್ಲ ಕೇಳೋ ಹಂಗ ಬೈದೆ. ತಪ್ಪಾತು ಅನ್ನೋದು ಫೋನಿನಾಗೇನ್ರೀ?"

ಮರುದಿನ ಇಬ್ಬರೂ ಬಸ್ಸು ಹತ್ತಿದೆವು. ಹಾಲಮ್ಮ ಮನೆಯ ಮುಂದೆ ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದಳು. ನಮ್ಮನ್ನು ಕಂಡು ಎದ್ದಳು, ಒಳಗೆ ಕರೆಯಲಿಲ್ಲ. ಸಾಹೇಬರು ಅಂಗಳದಲ್ಲಿ ನಿಂತೇ ಎಲ್ಲವನ್ನೂ ಹೇಳಿದರು. ಅವಳನ್ನು 'ನೀವು' ಎಂದರು. ಅದುವರೆಗೆ ಎಂದೂ ಅಂದಿರಲಿಲ್ಲ. ಕೈಮುಗಿದರು.

ಅವಳು ತೆನೆಯನ್ನು ಕೆಳಗಿಟ್ಟಳು.

"ಆ ಕೋಣ್ಯಾಗ ಏನೈತಿ ಅಂತ ನನಗ ಗೊತ್ತಾಗಿದ್ದೇ ನೀವು ಕಳ್ಳಿ ಅಂದ ದಿನ ಸಾಹೇಬ್ರ. ಮೊದಲೇ ಗೊತ್ತಿದ್ರ ಆ ಮನ್ಯಾಗ ನಾನು ಒಲಿ ಹಚ್ಚತಿರಲಿಲ್ಲ."

"ಹೌದು. ಮುಚ್ಚಿಟ್ಟಿದ್ದೂ ನನ್ನ ತಪ್ಪೇ."

"ಬಾಯಿಲೆ ಅಂದದ್ದಕ್ಕ ಬಾಯಿಲೆ ಹೇಳಿದ್ರಿ. ನನಗ ಸಾಲೂದಿಲ್ಲ. ಬರೆದು ಕೊಡ್ರಿ. ನಾಡಿದ್ದು ಸಂಘದ ಸಭಾ ಐತಿ, ಅಲ್ಲಿ ಓದ್ರಿ."

ಸಾಹೇಬರು ನನ್ನ ಕಡೆ ತಿರುಗಿದರು. "ಬರೀರಿ ರೈಟ್ರೆ."

ಎಷ್ಟೋ ಜನರ ಕಾಗದ ಬರೆದ ಕೈ. ಅವತ್ತು ಅಂಗಳದ ಕಟ್ಟೆಯ ಮೇಲೆ ಕೂತು, ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದೆ: 'ಕುಡಿಯುವವನು ನಾನು. ಈ ಹೆಣ್ಣುಮಗಳು ಅದನ್ನು ಮುಟ್ಟಿದವರಲ್ಲ, ಅಲ್ಲಿ ಅದಿದೆ ಎಂದು ತಿಳಿದವರೂ ಅಲ್ಲ. ನನ್ನ ತಿಳಿವಳಿಕೆ ಸಾಲದೆ ಸೋರಿದ್ದನ್ನು ಕಳವು ಎಂದೆ. ಇವರ ಮೇಲೆ ಹೊರಿಸಿದ ಮಾತು ಸುಳ್ಳು.' ನನ್ನ ಹೆಸರು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಅವರು ಬೇಕೆಂದೇ ಬಿಟ್ಟಿದ್ದರು.

ಸಭೆ ಸೇರಿದ್ದು ದೇವಸ್ಥಾನದ ಪಕ್ಕದ ಜಗುಲಿಯಲ್ಲಿ, ಮಧ್ಯಾಹ್ನ ಮೂರರ ಬಿಸಿಲಿನಲ್ಲಿ. ಮೂವತ್ತು ನಲವತ್ತು ಹೆಂಗಸರು, ಹಿಂದೆ ಗಂಡಸರೂ ಒಂದಿಷ್ಟು, ಗೂಡಂಗಡಿಯವನು ಸಹ. ಸಾಹೇಬರು ಕನ್ನಡಕ ಹಾಕಿಕೊಂಡು ತಾವೇ ಓದಿದರು. 'ಕುಡಿಯುವವನು ನಾನು' ಎಂಬಲ್ಲಿ ದನಿ ಒಡೆಯಿತು. ಮತ್ತೆ ಮೊದಲಿನಿಂದ ಆ ಸಾಲು ಓದಿದರು. ಹಿಂದಿನಿಂದ ಯಾರೋ ನಕ್ಕರು. ಓದುವುದನ್ನು ಅವರು ನಿಲ್ಲಿಸಲಿಲ್ಲ.

ಮುಗಿದ ಮೇಲೆ ಹಾಲಮ್ಮ ಎದ್ದು ನಿಂತಳು.

"ಇನ್ನೊಂದು ಉಳಿದೈತಿ. ನನ್ನ ಕೈಯಾಗ ಬಾಟ್ಲಿ ಕಂಡೋರು ಅದಾರ ಅಂದ್ರಿ ಆವತ್ತು. ಅದು ನಿಮಗ ಮಾಡಿಟ್ಟ ಮಜ್ಜಿಗ್ಯಾಗ ಉಳಿದದ್ದು. ನೀವೇ ಒಯ್ಯಿ ಅಂದಿದ್ರಿ. ಕಂಡೋರು ಯಾರು?"

ಸಾಹೇಬರು ಕಾಗದ ಮಡಚುತ್ತಾ, "ಅದು ಬಿಡ್ರಿ ಹಾಲಮ್ಮ. ನಂಬಿದೋನು ನಾನು" ಎಂದರು.

"ಬಿಡೂದಿಲ್ರಿ."

ಸಾಹೇಬರು ನೆಲ ನೋಡುತ್ತಿದ್ದರು. ಅವರು ಹೇಳುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಮೂರನೆಯವರ ಮಾತನ್ನು ಎಂದೂ ನಂಬದ ಮನುಷ್ಯ ನನ್ನ ಒಂದು ಮಾತನ್ನು ನಂಬಿದ್ದರು. ಈಗ ಅದರ ಭಾರವನ್ನೂ ಒಬ್ಬರೇ ಹೊತ್ತು ನಿಂತಿದ್ದರು. ನನ್ನ ಕಾಲು ತಾನಾಗಿ ಎದ್ದಿತೋ, ನಾನು ಎದ್ದೆನೋ.

"ನಾನು" ಎಂದೆ. "ಹೇಳಿದ್ದು ನಾನು. ಭಾನುವಾರ ಅವರ ಜೊತೆ ಕುಡಿಯುತ್ತಿದ್ದವನೂ ನಾನೇ. ನನ್ನ ಮೇಲೆ ಬರುತ್ತದೆಂದು ನಿಮ್ಮ ಹೆಸರು ಹೇಳಿದೆ."

ಕಾಗದ ಇಸಿದುಕೊಂಡು ಅದರ ಕೆಳಗೆ ಅಷ್ಟನ್ನೂ ಬರೆದು ಸಹಿ ಹಾಕಿದೆ. ಹಾಲಮ್ಮ ಅದನ್ನು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು. ನಮಗೆ ನೀರು ಕೊಡಿ ಎಂದು ಯಾರಿಗೋ ಹೇಳಿದಳು. ತಾನು ನಮ್ಮ ಹತ್ತಿರ ಬರಲಿಲ್ಲ.

ಮನೆಯಲ್ಲಿ ಹೆಂಡತಿ ಒಂದು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ. ಆನವಟ್ಟಿಯ ತಮ್ಮ ಹಬ್ಬಕ್ಕೆ ಬರುವುದು ನಿಂತಿತು. ಹಾಲಮ್ಮನನ್ನು ಸಂಘದವರು ಮತ್ತೆ ಅಧ್ಯಕ್ಷೆ ಮಾಡಿದರು. ಸಾಹೇಬರು ಕುಡಿಯುವುದನ್ನು ಬಿಟ್ಟರು ಎಂದು ಬರೆದಿದ್ದರೆ ಚೆನ್ನಾಗಿರುತ್ತಿತ್ತು, ಬಿಡಲಿಲ್ಲ. ಬಾಟಲಿಗಳನ್ನು ನಿಲ್ಲಿಸಿ, ಹೊಸ ಬಿರಡೆ ತರಿಸಿ ಹಾಕಿ, ಭಾನುವಾರ ಹನ್ನೊಂದಕ್ಕೆ ತೆರೆದ ಕಿಟಕಿಯ ಪಕ್ಕ ಒಬ್ಬರೇ ಕೂರುತ್ತಿದ್ದರು. ಅನುಮಾನವನ್ನೂ ಬಿಡಲಿಲ್ಲ, ಗ್ಯಾಸ್ ಸಿಲಿಂಡರನ್ನು ತೂಗಿಸದೆ ಒಳಗೆ ಬಿಡುತ್ತಿರಲಿಲ್ಲ. ಬೇರೆ ಅಡುಗೆಯವರನ್ನು ಮಾತ್ರ ಇಟ್ಟುಕೊಳ್ಳಲಿಲ್ಲ. ತಾವೇ ಏನೋ ಬೇಯಿಸಿಕೊಳ್ಳುತ್ತಿದ್ದರು. ಒಮ್ಮೆ ನನಗೆ ಉಪ್ಪಿಟ್ಟು ಕೊಟ್ಟು, ಹೇಗಿದೆ ಎಂದು ಕೇಳಿ, ನಾನು ಚೆನ್ನಾಗಿದೆ ಎಂದಾಗ, "ಸುಳ್ಳು" ಎಂದರು.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಹಾಲು ಹಾಕುವವನು ಕರೆದರೂ ಬಾಗಿಲು ತೆಗೆಯಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ತಮ್ಮ ಬಂದ, ಅಳುತ್ತಾ ಬಂದ. ಮಣ್ಣು ಮಾಡುವ ಹೊತ್ತು ಗೊತ್ತಾದ ಮೇಲೆ ನಾನು ಬೈಕು ತೆಗೆದುಕೊಂಡು ಹಾಲಮ್ಮನ ಊರಿಗೆ ಹೋದೆ. ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ.

ಅವಳು ಸುದ್ದಿ ಕೇಳಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಮೇಲೆ ಕೇಳಿದಳು:

"ನಿನ್ನೆ ಸಂಜಿಗೆ ಏನಾರ ಉಂಡಿದ್ರಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಅವಳು ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು, ಬೈಕಿನ ಹಿಂದೆ ಕೂತಳು.